42% ಟ್ಯಾಕ್ಸ್ ನನ್ನನ್ನು ಮುಟ್ಟಲೇ ಇಲ್ಲ: ದುಬೈ–ಬರ್ಲಿನ್ ಲೆಕ್ಕ ಹಾಕಿದ ನನ್ನ ಅನುಭವ

ಕೈಯಲ್ಲಿ ಎರಡು ಆಫರ್ ಲೆಟರ್ ಇದ್ದವು. ದುಬೈನದು ತಿಂಗಳಿಗೆ 25,000 ದಿರ್ಹಂ, ಆದಾಯ ತೆರಿಗೆ ಸೊನ್ನೆ. ಬರ್ಲಿನ್‌ನದು ವರ್ಷಕ್ಕೆ 72,000 ಯೂರೊ, ಅಲ್ಲಿ 42% ಟ್ಯಾಕ್ಸ್ ಎಂದು ಎಲ್ಲರೂ ಹೆದರಿಸಿದರು. "ಸರ್ಕಾರಕ್ಕೆ ದುಡಿಯೋಕೆ ಹೊರಟಿದೀಯಾ?" ಎಂದು ನಕ್ಕವರೇ ಜಾಸ್ತಿ. ನಾನು ಬರ್ಲಿನ್‌ಗೆ ಬಂದೆ. ತಿಂಗಳಿಗೆ 1,600 ಯೂರೊ ಉಳಿಯುತ್ತದೆ ಎಂದಿತ್ತು ಎರಡೂ ದೇಶಗಳ ಲೆಕ್ಕ ಹಾಕಿದ್ದ ನನ್ನ ಶೀಟ್. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡಿಸಿ ನೋಡಿದರೆ ಸರಾಸರಿ 1,480ರ ಆಸುಪಾಸು. ನಕ್ಕವರಲ್ಲಿ ಇಬ್ಬರು ಈಗ ಅದೇ ಶೀಟ್ ಕಳಿಸು ಅನ್ನುತ್ತಿದ್ದಾರೆ.

ಮೊದಲ ಶೀಟ್ ಮಾತ್ರ ಕಸದ ಬುಟ್ಟಿಗೇ ಲಾಯಕ್ಕಾಗಿತ್ತು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ವರ್ಷವರ್ಷ ಹೊರಡಿಸುವ ಟ್ಯಾಕ್ಸ್ ವೆಡ್ಜ್ ಅಂಕಿಯನ್ನು (ಉದ್ಯೋಗಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನಲ್ಲಿ ತೆರಿಗೆ, ವಿಮೆಗೆ ಹೋಗುವ ಪಾಲು) ಎತ್ತಿ ಹಾಗೇ ಸಂಬಳದಿಂದ ಕಳೆದುಬಿಟ್ಟಿದ್ದೆ. ಜರ್ಮನಿಗೆ ಅದು 48% ಹತ್ತಿರ. ಅದರಲ್ಲಿ ಕಂಪನಿ ತನ್ನ ಕಡೆಯಿಂದ ಕಟ್ಟುವ ಸಾಮಾಜಿಕ ವಿಮೆಯ ಪಾಲೂ ಸೇರಿದೆ, ಮೇಲಾಗಿ ಅದು ಮಕ್ಕಳಿಲ್ಲದ ಒಂಟಿ ಉದ್ಯೋಗಿಯ ಲೆಕ್ಕ. ನನಗೆ ಹೆಂಡತಿ ಇದ್ದಾಳೆ, ನಾಲ್ಕು ವರ್ಷದ ಮಗಳಿದ್ದಾಳೆ. ಆ ಶೀಟ್ ನಂಬಿ ಬರ್ಲಿನ್‌ಗೆ ಇಲ್ಲ ಅನ್ನುವುದರಲ್ಲಿದ್ದೆ.

42ರ ಕಥೆಯೂ ಅಷ್ಟೆ. ಆ ದರ ಒಂದು ಗೆರೆ ದಾಟಿದ ಮೇಲಿನ ಹಣಕ್ಕೆ ಮಾತ್ರ. ಗಂಡ–ಹೆಂಡತಿ ಒಟ್ಟಿಗೆ ರಿಟರ್ನ್ಸ್ ಹಾಕಿದರೆ ಗೆರೆ ದುಪ್ಪಟ್ಟು ಎತ್ತರಕ್ಕೆ ಹೋಗುತ್ತದೆ. 72,000 ಅದರ ಹತ್ತಿರವೂ ಸುಳಿಯುವುದಿಲ್ಲ. ನಿಜವಾಗಿ ನೋಯಿಸುವುದು ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆಗಳ ಕಡಿತ. ನನ್ನ ಲೆಕ್ಕದಲ್ಲಿ ತೆರಿಗೆಗಿಂತ ಅದೇ ದೊಡ್ಡದು! ಆದರೆ ದುಡಿಯದ ಹೆಂಡತಿ, ಮಗು ಇಬ್ಬರೂ ನನ್ನ ಆರೋಗ್ಯ ವಿಮೆಯಲ್ಲೇ ಹೆಚ್ಚುವರಿ ಕಂತಿಲ್ಲದೆ ಬರುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ತಲೆಗೊಂದು ಪ್ರೀಮಿಯಂ, ಮಗುವಿಗೂ. ಅದು ಸಂಬಳದಲ್ಲಿ ಕಡಿತವಾಗುವುದಿಲ್ಲ, ಹಾಗಾಗಿ ಟ್ಯಾಕ್ಸ್ ಪಟ್ಟಿಯಲ್ಲಿ ಆ ದೇಶ ಸಾಧುವಿನ ಹಾಗೆ ಕಾಣುತ್ತದೆ.

ಎರಡನೇ ಶೀಟ್‌ನಲ್ಲಿ ಪಿಪಿಪಿ ದರದಿಂದ, ಅಂದರೆ ಆಯಾ ದೇಶದ ಬೆಲೆಮಟ್ಟಕ್ಕೆ ಹೊಂದಿಸಿದ ವಿನಿಮಯ ದರದಿಂದ, ಸಂಬಳ ಪರಿವರ್ತಿಸಿದೆ. ಅದೂ ಕೆಟ್ಟಿತು. ಖರ್ಚನ್ನು ನಾನೇ ಸಾಲುಸಾಲಾಗಿ ಬರೆಯುತ್ತಿರುವಾಗ ಪಿಪಿಪಿ ಮತ್ತೊಮ್ಮೆ ಅದನ್ನೇ ಕಳೆಯುತ್ತದೆ. ಕೊನೆಗೆ ಹಿಡಿದ ದಾರಿ ಇದು: ಸಂಬಳ, ಕಡಿತ, ಖರ್ಚು ಎಲ್ಲ ಆಯಾ ದೇಶದ ಹಣದಲ್ಲೇ ಇರಲಿ. ಉಳಿಕೆಯನ್ನು ಮಾತ್ರ, ಕೊನೆಯ ಸಾಲಿನಲ್ಲಿ, ಮಾರುಕಟ್ಟೆ ದರದಲ್ಲಿ ಬದಲಿಸು. ಬೇರೆ ಕಡೆಗೆ ಕಳಿಸುವುದು ಅದೊಂದೇ ತಾನೆ?

ದುಬೈ ಕಾಲಂ ನೋಡಿ. ಬಾಡಿಗೆ 9,000. ಅದರ ಮೇಲೆ 5% ಹೌಸಿಂಗ್ ಫೀ, ಕರೆಂಟ್–ನೀರಿನ ಬಿಲ್ಲಿನಲ್ಲಿ ಮೆಲ್ಲಗೆ ಬರುತ್ತದೆ, ಟ್ಯಾಕ್ಸ್ ಎಂದು ಯಾರೂ ಕರೆಯುವುದಿಲ್ಲ. ಸ್ಕೂಲ್ ಫೀ ತಿಂಗಳಿಗೆ ಹಂಚಿದರೆ 3,800, ಕುಟುಂಬದ ವಿಮೆ 700, ಕಾರು 2,300, ಊಟ–ಉಪಚಾರ ಎಲ್ಲ ಸೇರಿ 4,500ಕ್ಕೆ ಕಡಿಮೆಯಿಲ್ಲ. ಉಳಿದದ್ದು ನಾಲ್ಕು ಸಾವಿರ ಚಿಲ್ಲರೆ ದಿರ್ಹಂ, ಅಂದರೆ 1,050 ಯೂರೊ. ಇಪ್ಪತ್ತೈದು ಸಾವಿರ ಕನ್ನಡಿಯೊಳಗಿನ ಗಂಟಾಗಿತ್ತು. ಬರ್ಲಿನ್‌ನಲ್ಲಿ ಕೈಗೆ 4,200, ಮಗುವಿನ ಭತ್ಯೆ ಆಗ 250. ಶಿಶುವಿಹಾರಕ್ಕೆ ಶುಲ್ಕವಿಲ್ಲ, ಊಟಕ್ಕೆ 23 ಯೂರೊ. ಬಿಸಿ ನೀರು, ಹೀಟರ್ ಸೇರಿ ಬಾಡಿಗೆ 1,550. ಉಳಿದ ಖರ್ಚನ್ನೂ ಕಳೆದರೆ ಶೀಟ್ ಹೇಳಿದ ಆ 1,600. ಈ ಬಾಡಿಗೆಯ ಅಂಕಿಗಳನ್ನು ಎಲ್ಲಿಂದ ತೆಗೆದೆ ಅನ್ನುವುದು ನನ್ನಲ್ಲೇ ಇರಲಿ. ಜಾಹೀರಾತಿನಿಂದ ಅಲ್ಲ ಅಂತಷ್ಟೇ ಹೇಳುತ್ತೇನೆ.

ಹಾಗಾದರೆ 1,600ಕ್ಕೂ 1,480ಕ್ಕೂ ನಡುವಿನ 120 ಯೂರೊ ಎಲ್ಲಿ ಸೋರಿತು? ಮನೆಗೆ ಹೋದರೆ ಅಡುಗೆಮನೆಯೇ ಇಲ್ಲ, ಗೋಡೆಯಿಂದ ಎರಡು ಪೈಪು ಇಣುಕುತ್ತಿದ್ದವು! ಸಿಂಕು, ಒಲೆ, ಕಪಾಟಿಗೆ 2,200 ಹೋಯಿತು. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ಪ್ರಸಾರ ಶುಲ್ಕ 18.36. ವರ್ಷದ ಕೊನೆಗೆ ಹೀಟಿಂಗ್ ಬಾಕಿ ಎಂದು ಇನ್ನೊಂದು 400. ಎಲ್ಲಕ್ಕಿಂತ ಉರಿದದ್ದು ಮೊದಲ ಐದು ತಿಂಗಳು. ಮದುವೆ ಪ್ರಮಾಣಪತ್ರದ ಅನುವಾದ ತಡವಾಗಿ ನನ್ನನ್ನು ಒಂಟಿಯ ತೆರಿಗೆ ವರ್ಗ 1ರಲ್ಲಿ ಕೂರಿಸಿದರು, ತಿಂಗಳಿಗೆ 600 ಹತ್ತಿರ ಜಾಸ್ತಿ ಕಡಿತ. ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬಂತು, ನಿಜ. ಅಲ್ಲಿಯವರೆಗೆ ಸಾಲ ಮಾಡಿ ಬಾಡಿಗೆ ಮನೆಯ ಠೇವಣಿ ಕಟ್ಟಿದ್ದು ನನಗೆ ಗೊತ್ತು.

ನಡುವೆ ಒಂದು ಹುಚ್ಚು ಪ್ರಯೋಗ. ಬರ್ಗರ್ ಬೆಲೆಯಲ್ಲಿ ದೇಶಗಳನ್ನು ಅಳೆಯುವವರಿದ್ದಾರಲ್ಲ, ನಾನು ತಿಂಗಳ ಬಸ್ ಪಾಸಿಗೆ ಎಷ್ಟು ನಿಮಿಷ ದುಡಿಯಬೇಕು ಎಂದು ಅಳೆದೆ. ಚೆನ್ನಾಗಿಯೇ ಓಡುತ್ತಿತ್ತು, ಲಕ್ಸೆಂಬರ್ಗ್ ಬರುವವರೆಗೆ. ಅಲ್ಲಿ 2020ರಿಂದ ಬಸ್ಸು, ರೈಲು ಪುಕ್ಕಟೆ. ಸೂಚ್ಯಂಕ ಸೊನ್ನೆಗೆ ಬಂದು ಇಡೀ ಕಾಲಂ ದೋಷ ತೋರಿಸಿತು. ಬಿಟ್ಟೆ. ಬ್ರಿಟನ್ ಕಾಲಂ ಮಾತ್ರ ಖುಷಿ ಕೊಟ್ಟಿತು. ಒಂದು ಲಕ್ಷ ಪೌಂಡ್ ದಾಟಿದರೆ ತೆರಿಗೆರಹಿತ 12,570 ಮೆಲ್ಲಗೆ ಕರಗುತ್ತದೆ, 125,140ರವರೆಗೆ ಪ್ರತಿ ಹೆಚ್ಚುವರಿ ಪೌಂಡಿಗೂ 60% ಆದಾಯ ತೆರಿಗೆ ಹೋಗುತ್ತದೆ. ದರಪಟ್ಟಿಯಲ್ಲಿ ಹುಡುಕಿದರೆ ಆ 60 ಎಲ್ಲೂ ಸಿಗದು.

ಈ ವಾರ ಗೆಳೆಯನಿಗಾಗಿ ಸಿಂಗಾಪುರದ ಕಾಲಂ ತುಂಬುತ್ತಿದ್ದೇನೆ. ಕೆಲಸದ ಪಾಸಿನಲ್ಲಿರುವವನಿಗೆ ಸಿಪಿಎಫ್ (ಅಲ್ಲಿಯ ಭವಿಷ್ಯನಿಧಿ) ಕಡಿತವಿಲ್ಲ. ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿದರೆ ಮೊದಲ ವರ್ಷ 5%, ಎರಡನೆಯದು 15%, ಆಮೇಲೆ 20%. ಇದು ತೆರಿಗೆಯಲ್ಲ, ಬೀಗ ಹಾಕಿದ ಉಳಿತಾಯ. ಅದಕ್ಕೇ ಬೇರೆ ಕಾಲಂ ಕೊಟ್ಟಿದ್ದೇನೆ. ಕಾರಿನ ಸಾಲಿಗೆ ಬಂದಾಗ ಕಾರು ಇಟ್ಟುಕೊಳ್ಳಲು ಬೇಕಾದ ಹತ್ತು ವರ್ಷದ ಪರವಾನಗಿಯ ಹರಾಜು ಬೆಲೆ ನೋಡಿ, ಗೆಳೆಯನನ್ನು ಕೇಳದೆಯೇ ಆ ಸಾಲು ಅಳಿಸಿಬಿಟ್ಟೆ.