ಬಡಗಿ ಮುತ್ತಜ್ಜನ ಸಂಸಾರವನ್ನು ಹುಡುಕುವವರಿಗೆ

ನೂರೈವತ್ತು ವರ್ಷಗಳ ಹಿಂದಿನ ಬಡಗಿ ಹಿರಿಯರ ಸಂಸಾರದ ವಿವರ ಬೇಕೆನ್ನುವವರು ಜನನ-ಮರಣ ನೋಂದಣಿಯಿಂದ ಆರಂಭಿಸಬಾರದು. ಅದು ದೇಶದಾದ್ಯಂತ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. 1871ರ ಮೈಸೂರು ಜನಗಣತಿಯ ವರದಿಯಲ್ಲಿಯೂ ಸಿಗುವುದು ಅಂಕಿಗಳೇ ಹೊರತು ಮನೆಯವರ ಹೆಸರುಗಳಲ್ಲ.

ನಿಮ್ಮ ಮನೆತನಕ್ಕೆ ಹೆಳವರು (ಮನೆಮನೆಗೆ ಬಂದು ವಂಶಾವಳಿ ಹೇಳುವವರು) ಬರುವ ವಾಡಿಕೆಯಿದ್ದರೆ ಮೊದಲು ಅವರನ್ನೇ ಕೇಳಿ. ಚಿತ್ರದುರ್ಗದ ಬಳಿಯ ನಮ್ಮ ಮನೆಗೆ ಸುಗ್ಗಿಯ ನಂತರ ಬಂದ ಹೆಳವರು ಜಗುಲಿಯ ಮೇಲೆ ಕುಳಿತು ವಂಶಾವಳಿ ಹೇಳಿದಾಗ, ಮುತ್ತಜ್ಜನಿಗೆ ಎರಡನೆಯ ಹೆಂಡತಿಯಿದ್ದುದೂ ಆಕೆಯ ತವರು ಜಗಳೂರಿನ ಕಡೆಯದೆಂಬುದೂ ಮೊದಲ ಬಾರಿಗೆ ತಿಳಿದು, ನಮ್ಮ ಅಜ್ಜಿಯ ಕಣ್ಣು ತುಂಬಿ ಬಂತು. ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ನೀವೇ ಬಿಡದೆ ಕೇಳಿ ಬರೆದುಕೊಳ್ಳಬೇಕು.

ಆಯಗಾರನಾಗಿದ್ದ, ಎಂದರೆ ಊರಿನವರ ಕೆಲಸ ಮಾಡಿಕೊಟ್ಟು ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ ಬಡಗಿಗೆ, ರೈತರ ನೇಗಿಲು ಕುಂಟೆಗಳನ್ನು ಮಾಡಿಕೊಟ್ಟದ್ದಕ್ಕಾಗಿ ಕಣದಲ್ಲಿ ಸಿಗುತ್ತಿದ್ದ ಕಾಳಿನ ಜೊತೆಗೆ, ಕೆಲವೆಡೆ ಸೇವೆಗಾಗಿ ಬಿಟ್ಟುಕೊಟ್ಟ ಇನಾಮು ಹೊಲವೂ ಇರುತ್ತಿತ್ತು. ಅಂಥ ಹೊಲದ ಹಳೆಯ ದಾಖಲೆ ಉಳಿದಿದ್ದರೆ ತಂದೆಯಿಂದ ಮಗನಿಗೆ ಹಕ್ಕು ಹೋದ ಜಾಡು ಅದರಲ್ಲಿ ಸಿಗಬಹುದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ದಾವಣಗೆರೆ, ಹರಿಹರದವರು ಚಿತ್ರದುರ್ಗದಲ್ಲಿಯೂ ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗದಲ್ಲಿಯೂ ವಿಚಾರಿಸಬೇಕು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿರುವುದರಿಂದ, ಪ್ರತಿ ಹೆಸರಿನ ಪಕ್ಕದಲ್ಲಿ ಹೆಂಡತಿಯ ಹೆಸರನ್ನೂ ಬರೆದಿಡಿ.