ಗಾಳಿಯದೋ, ಬ್ಯಾಟರಿಯದೋ? ಏರ್‌ಸಾಫ್ಟ್ ಗನ್ ಆರಿಸುವುದು ಹೀಗೆ

ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್ ಹಿಡಿದು ತಂಡ ಕಟ್ಟಿ ಆಡುವ ಆಟ ಏರ್‌ಸಾಫ್ಟ್. ಅದನ್ನು ಆಡುವವರ ನಡುವೆ ಮುಗಿಯದ ವಾದ ಒಂದಿದೆ. ಬ್ಯಾಟರಿಯಿಂದ ಓಡುವ ಎಇಜಿ ಒಳ್ಳೆಯದೋ, ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ ಓಡುವ ಎಚ್‌ಪಿಎ ಒಳ್ಳೆಯದೋ? ಕೇಳಿದರೆ ಎರಡೂ ಕಡೆಯವರು ‘ನಮ್ಮದೇ ಜೋರು’ ಎನ್ನುತ್ತಾರೆ. ಆದರೆ ಜೋರಿಗೆ ಮೈದಾನದಲ್ಲಿ ಮಿತಿ ಇದ್ದೇ ಇರುತ್ತದೆ. ಎರಡೂ ಆ ಮಿತಿಯನ್ನು ಸುಲಭವಾಗಿ ಮುಟ್ಟುತ್ತವೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ. ಯಾವುದರ ತಾಪತ್ರಯ ನಿಮಗೆ ಒಗ್ಗುತ್ತದೆ? ಗೇರು, ಬ್ಯಾಟರಿಯದೋ, ಇಲ್ಲ ಟ್ಯಾಂಕು, ಪೈಪಿನದೋ?

ಹೆಜ್ಜೆ 1: ಒಳಗೆ ಏನು ನಡೆಯುತ್ತದೆ ನೋಡಿ

ಎಇಜಿಯ ಟ್ರಿಗರ್ ಒತ್ತಿದರೆ ಮೋಟಾರ್ ತಿರುಗುತ್ತದೆ. ಅದು ಮೂರು ಗೇರುಗಳನ್ನು ತಿರುಗಿಸುತ್ತದೆ. ಗೇರು ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಮುಂದಕ್ಕೆ ನುಗ್ಗುವ ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ತಳ್ಳುತ್ತದೆ. ಆ ಗಾಳಿ 6 ಮಿ.ಮೀ. ಪ್ಲಾಸ್ಟಿಕ್ ಗುಂಡನ್ನು ಹೊರಗೆ ದೂಡುತ್ತದೆ. ಅಂದರೆ ಎಲೆಕ್ಟ್ರಿಕ್ ಗನ್ ಕೂಡ ಕೊನೆಗೆ ಗಾಳಿಯಿಂದಲೇ ಹೊಡೆಯುವುದು! ಪ್ರತಿ ಗುಂಡಿಗೂ ಬೇಕಾದ ಗಾಳಿಯನ್ನು ಅಲ್ಲೇ, ಆಗಲೇ ಒತ್ತಿಕೊಳ್ಳುತ್ತದೆ, ಅಷ್ಟೇ.

ಎಚ್‌ಪಿಎಯಲ್ಲಿ ಆ ಕೆಲಸ ಮೊದಲೇ, ಬೇರೆಲ್ಲೋ ಮುಗಿದಿರುತ್ತದೆ. ಟ್ಯಾಂಕಿನಲ್ಲಿ 3000 ಅಥವಾ 4500 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಎಂದು) ಒತ್ತಡದ ಗಾಳಿ ಇರುತ್ತದೆ. ಟ್ಯಾಂಕಿನ ಬಾಯಲ್ಲಿರುವ ರೆಗ್ಯುಲೇಟರ್ ಅದನ್ನು ಕೆಲವು ನೂರು ಪಿಎಸ್‌ಐಗೆ ಇಳಿಸುತ್ತದೆ. ಎರಡನೇ ರೆಗ್ಯುಲೇಟರ್ ಅದನ್ನು ಇನ್ನೂ ಇಳಿಸಿ, ಸಾಮಾನ್ಯವಾಗಿ 60 ಮತ್ತು 120 ಪಿಎಸ್‌ಐ ನಡುವೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಒಂದು ಪೈಪು ಗನ್ನಿಗೆ ಹೋಗುತ್ತದೆ. ಒಳಗಿರುವ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಕೆಲವೇ ಮಿಲಿಸೆಕೆಂಡ್ ತೆರೆದು ಮುಚ್ಚುತ್ತದೆ. ಗುಂಡು ಹೋಯಿತು. ಪೋಲಾರ್‌ಸ್ಟಾರ್, ವುಲ್ವರಿನ್ ಮುಂತಾದ ಕಂಪನಿಗಳು ಮಾಡುವ ಎಂಜಿನ್‌ಗಳಲ್ಲಿ (ಗನ್ನಿನೊಳಗೆ ಕೂರುವ ಈ ವಾಲ್ವಿನ ಘಟಕಕ್ಕೆ ಎಂಜಿನ್ ಎನ್ನುತ್ತಾರೆ) ಹೆಚ್ಚಿನವು ಹೀಗೇ ಕೆಲಸ ಮಾಡುತ್ತವೆ.

ಇಲ್ಲಿ ಒಂದು ಮಾತು. ಆ ವಾಲ್ವನ್ನು ಆಡಿಸುವುದು ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್. ಅದಕ್ಕೂ ಬ್ಯಾಟರಿ ಬೇಕು. ಬ್ಯಾಟರಿ ಕಾಟವೇ ಬೇಡ ಎಂದು ಎಚ್‌ಪಿಎ ಕೊಂಡವರು ಡಬ್ಬಿ ಬಿಚ್ಚಿದಾಗ ಪೆಚ್ಚಾಗುತ್ತಾರೆ. ಸಣ್ಣ ಬ್ಯಾಟರಿ ತುಂಬಾ ಹೊತ್ತು ಬರುತ್ತದೆ ನಿಜ, ಆದರೆ ಅದಿಲ್ಲದೆ ಗನ್ ಅಲುಗುವುದಿಲ್ಲ. ಪೂರ್ತಿ ಯಾಂತ್ರಿಕವಾದವು ಕೆಲವೇ ಕೆಲವು.

ಪೈಪಿನ ಐಡಿಯಾ ಹೊಸದೂ ಅಲ್ಲ. ಜಪಾನಿನಲ್ಲಿ 1980ರ ದಶಕದಲ್ಲೇ ಹೊರಗಿನ ಟ್ಯಾಂಕಿನಿಂದ ಪೈಪಿನ ಮೂಲಕ ಗ್ಯಾಸ್ ಎಳೆಯುವ ಏರ್‌ಸಾಫ್ಟ್ ಗನ್‌ಗಳಿದ್ದವು. 1991ರಲ್ಲಿ ಟೋಕಿಯೋ ಮರುಯಿ ಕಂಪನಿ ಫಾಮಾಸ್ ಎಂಬ ಫ್ರೆಂಚ್ ರೈಫಲ್ಲಿನ ಮಾದರಿಯ, ಬ್ಯಾಟರಿಯಿಂದ ಓಡುವ ಏರ್‌ಸಾಫ್ಟ್ ಗನ್ ತಂದಿತು. ಪೈಪಿನ ಬಂಧನ ತಪ್ಪಿತಲ್ಲ ಎಂದು ಜನ ಅತ್ತ ವಾಲಿದರು. ಈಗ ಅದೇ ಪೈಪನ್ನು ದುಡ್ಡು ಕೊಟ್ಟು ವಾಪಸ್ ತರುತ್ತಿದ್ದೇವೆ!

ಹೆಜ್ಜೆ 2: ಗಾಳಿ ಎಲ್ಲಿ ತುಂಬಿಸುತ್ತೀರಿ?

ಗನ್ ನೋಡುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ವಾಹನದ ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಒತ್ತಡ ನೂರು, ನೂರೈವತ್ತು ಪಿಎಸ್‌ಐ ಆಸುಪಾಸು. ನಿಮಗೆ ಬೇಕಾದದ್ದು ಸಾವಿರಗಳಲ್ಲಿ. ಪೇಂಟ್‌ಬಾಲ್ ಮೈದಾನ, ಸ್ಕೂಬಾ ಅಂಗಡಿ, ಆಟದ ಮೈದಾನದವರೇ ಇಟ್ಟ ಹೈ ಪ್ರೆಷರ್ ಕಂಪ್ರೆಸರ್, ಇವು ದಾರಿಗಳು. ಸ್ಕೂಬಾ ಸಿಲಿಂಡರ್‌ಗಳಲ್ಲಿ ಹೆಚ್ಚಿನವು 3000 ಪಿಎಸ್‌ಐ ಸುತ್ತಮುತ್ತಲಿನವು. ಅವುಗಳಿಂದ 4500ರ ಟ್ಯಾಂಕು ಪೂರ್ತಿ ತುಂಬುವುದಿಲ್ಲ. ಕೈಯಲ್ಲೇ ಒತ್ತುವ ವಿಶೇಷ ಪಂಪೂ ಸಿಗುತ್ತದೆ, ಆದರೆ ಒಮ್ಮೆ ಒತ್ತಿದವರು ಎರಡನೇ ಸಲ ಯೋಚಿಸುತ್ತಾರೆ.

ಟ್ಯಾಂಕಿನ ಮೇಲೆ 48/3000 ಎಂದೋ 68/4500 ಎಂದೋ ಬರೆದಿರುತ್ತದೆ. ಮೊದಲನೆಯದು ಗಾತ್ರ, ಘನ ಇಂಚಿನಲ್ಲಿ. ಎರಡನೆಯದು ಗರಿಷ್ಠ ಒತ್ತಡ. ಎರಡನ್ನೂ ಗುಣಿಸಿದರೆ ಯಾವುದರಲ್ಲಿ ಎಷ್ಟು ಗಾಳಿ ಎಂಬ ಅಂದಾಜು ಸಿಗುತ್ತದೆ. 68/4500ರಲ್ಲಿ 48/3000ಕ್ಕಿಂತ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಗಾಳಿ. ಚಿಕ್ಕ 13/3000ರಲ್ಲಿ 48/3000ರ ಕಾಲು ಭಾಗದಷ್ಟೇ. ಚಿಕ್ಕದು ನೋಡಲು ಮುದ್ದಾಗಿರುತ್ತದೆ, ಆದರೆ ಇಡೀ ದಿನದ ಆಟಕ್ಕೆ ಸಾಕಾಗುವುದು ಕಷ್ಟ. ಸಾಮಾನ್ಯವಾಗಿ 3000ದವು ಅಲ್ಯೂಮಿನಿಯಂ, 4500ರವು ಕಾರ್ಬನ್ ಫೈಬರ್ ಸುತ್ತಿದವು. ಎರಡನೆಯವು ಹಗುರ, ಬೆಲೆ ಜಾಸ್ತಿ.

ಹತ್ತಿರದಲ್ಲಿ ಎಲ್ಲೂ ತುಂಬಿಸಲು ಆಗದಿದ್ದರೆ ಮುಂದಿನ ಹೆಜ್ಜೆಗಳು ಬೇಡ. ಎಲೆಕ್ಟ್ರಿಕ್ ಕೊಳ್ಳಿ.

ಹೆಜ್ಜೆ 3: ಮೈದಾನದ ಮಿತಿಯನ್ನು ಜೂಲ್‌ನಲ್ಲಿ ಕೇಳಿ

‘ಎಷ್ಟು ಎಫ್‌ಪಿಎಸ್?’, ಅಂದರೆ ಗುಂಡು ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗುಂಡಿನ ತೂಕ ಹೇಳದೆ ಆ ಅಂಕಿಗೆ ಅರ್ಥವಿಲ್ಲ. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್, ಅಂದರೆ 328 ಅಡಿ ವೇಗದಲ್ಲಿ ಹೋದರೆ ಅದರ ಶಕ್ತಿ 1 ಜೂಲ್. 0.30 ಗ್ರಾಂ ಗುಂಡಿಗೆ ಅದೇ 1 ಜೂಲ್ ಸುಮಾರು 268 ಅಡಿ ವೇಗಕ್ಕೇ ಬಂದುಬಿಡುತ್ತದೆ. ಮಿತಿ ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ ಸುಮಾರು 0.98 ಜೂಲ್. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್‌ಗೆ 1.3, ಒಂದೊಂದೇ ಹೊಡೆಯುವುದಕ್ಕೆ 2.5. ನಿಮ್ಮ ಕಡೆಯ ಕಾನೂನನ್ನೂ ಮೈದಾನದ ನಿಯಮವನ್ನೂ ಕೇಳಿಕೊಂಡೇ ಮುಂದುವರಿಯಿರಿ.

ಎರಡು ಬಗೆಗಳ ಸ್ವಭಾವ ಬೇರೆಯಾಗುವುದು ಇಲ್ಲೇ. ಎಇಜಿಯ ಶಕ್ತಿ ಬದಲಿಸಬೇಕೆಂದರೆ ಸ್ಪ್ರಿಂಗ್ ಬದಲಿಸಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಗೇರ್‌ಬಾಕ್ಸ್ ಬಿಚ್ಚದೆ ಇದು ಆಗುವುದಿಲ್ಲ. ಎಚ್‌ಪಿಎಯಲ್ಲಿ ರೆಗ್ಯುಲೇಟರಿನ ತಿರುಪು ತಿರುಗಿಸಿದರೆ ಸಾಕು. ಅನುಕೂಲವೇ, ಆದರೆ ಅದೇ ಅನುಮಾನಕ್ಕೂ ಕಾರಣ. ಪರೀಕ್ಷೆಯಲ್ಲಿ ಕಡಿಮೆ ತೋರಿಸಿ ಆಟದಲ್ಲಿ ಏರಿಸುವವರು ಇರುತ್ತಾರೆ. ಅದಕ್ಕೇ ಹಲವು ಕಡೆ ರೆಗ್ಯುಲೇಟರಿನ ತಿರುಪು ತಿರುಗದಂತೆ ತಡೆಯುವ ಟೂರ್ನಮೆಂಟ್ ಲಾಕ್ ಕಡ್ಡಾಯ.

ಇನ್ನೊಂದು ಸೂಕ್ಷ್ಮ ಇದೆ. ಭಾರದ ಗುಂಡು ನಳಿಕೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಎಚ್‌ಪಿಎಯಲ್ಲಿ ಹಿಂದಿನಿಂದ ಗಾಳಿ ಇನ್ನೂ ತಳ್ಳುತ್ತಿರುತ್ತದೆ. ಹಾಗಾಗಿ ಸೆಟ್ಟಿಂಗ್ ಮುಟ್ಟದಿದ್ದರೂ ಗುಂಡು ಭಾರವಾದಂತೆ ಜೂಲ್ ಏರುತ್ತದೆ. ಇದನ್ನೇ ಜೂಲ್ ಕ್ರೀಪ್ ಎನ್ನುವುದು. ಎಇಜಿಯಲ್ಲೂ ಸಿಲಿಂಡರ್ ದೊಡ್ಡದಿದ್ದರೆ ಇದು ಸ್ವಲ್ಪ ಕಾಣಿಸುತ್ತದೆ, ಆದರೆ ಅಲ್ಲಿ ಗಾಳಿಯ ಅಳತೆ ನಿಗದಿ. ನೀವು ಆಡುವ ತೂಕದ ಗುಂಡಿನಲ್ಲೇ ಕ್ರೊನೊಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಪರೀಕ್ಷೆ ಮಾಡಿಸಿ, ಸುಮ್ನೆ ಜಗಳ ಬೇಡ.

ಹೆಜ್ಜೆ 4: ಪೈಪು ಹಾಕಿಕೊಂಡು ಓಡಿ

ಎಚ್‌ಪಿಎ ಇರುವ ಗೆಳೆಯರಿದ್ದರೆ ಅವರ ಟ್ಯಾಂಕು ಬೆನ್ನಿಗೆ ಹಾಕಿಕೊಂಡು ನೋಡಿ. ನಿಂತಲ್ಲಿ ಗುರಿಯಿಟ್ಟು ಹೊಡೆಯುವುದಲ್ಲ. ಕೂತು ಏಳಿ, ತೆವಳಿ, ಬಲಭುಜದಿಂದ ಎಡಭುಜಕ್ಕೆ ಗನ್ ಬದಲಿಸಿ, ಪೊದೆಯೊಳಗೆ ನುಗ್ಗಿ. ಕೆಲವರಿಗೆ ಐದೇ ನಿಮಿಷಕ್ಕೆ ಪೈಪು ಮರೆತೇ ಹೋಗುತ್ತದೆ. ಕೆಲವರಿಗೆ ಅದು ಕೊನೆಯವರೆಗೂ ಕಾಡುತ್ತದೆ. ನೀವು ಯಾರು ಎಂದು ಅಂಗಡಿಯವರು ಹೇಳಲಾರರು.

ಹೆಜ್ಜೆ 5: ಟ್ರಿಗರ್ ಒತ್ತಿ ನೋಡಿ

ಎಚ್‌ಪಿಎಯ ನಿಜವಾದ ಗೆಲುವು ಇದು. ಎಳೆಯಲು ಪಿಸ್ಟನ್ ಇಲ್ಲ, ಒತ್ತಲು ಸ್ಪ್ರಿಂಗ್ ಇಲ್ಲ. ಬೆರಳು ಆಡಿದ ಕ್ಷಣವೇ ಗುಂಡು ಹೊರಟಿರುತ್ತದೆ. ಗುಂಡಿನಿಂದ ಗುಂಡಿಗೆ ವೇಗವೂ ಹೆಚ್ಚು ಬದಲಾಗುವುದಿಲ್ಲ. ಮೋಟಾರಿನ ಕೀರಲು ಸದ್ದೂ ಇಲ್ಲ. ಒಂದೊಂದೇ ಗುಂಡು ಹೊಡೆದು ಆಡುವವರಿಗೆ ಇದರ ರುಚಿ ಹತ್ತಿದರೆ ಬಿಡುವುದಿಲ್ಲ.

ಎಇಜಿಯಲ್ಲಿ ಒತ್ತಿದ್ದಕ್ಕೂ ಹೊಡೆದದ್ದಕ್ಕೂ ನಡುವೆ ಚೂರು ಅಂತರ ಇರುತ್ತದೆ. 7.4 ವೋಲ್ಟ್ ಬದಲು 11.1 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಒಳ್ಳೆಯ ಮೋಟಾರ್, ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದರೆ ಅದು ತುಂಬಾ ಕಡಿಮೆಯಾಗುತ್ತದೆ. ಆದರೆ ಗೇರು ತಡೆದುಕೊಳ್ಳುವಂತಿರಬೇಕು. ಇಲ್ಲದಿದ್ದರೆ ಪಿಸ್ಟನ್ ವಾಪಸ್ ಬರುವ ಮೊದಲೇ ಗೇರು ಮತ್ತೆ ಕಚ್ಚಿಕೊಂಡು ಹಲ್ಲು ಉದುರಿಸುತ್ತದೆ.

ಹಾಗಾದರೆ ಎಚ್‌ಪಿಎ ಜಾಸ್ತಿ ದೂರ, ಜಾಸ್ತಿ ನೇರ ಹೊಡೆಯುತ್ತದೆ ಅಲ್ವಾ? ಇಲ್ಲ. ಗುಂಡಿಗೆ ಹಿಮ್ಮುಖ ತಿರುಗು ಕೊಟ್ಟು ದೂರ ಒಯ್ಯುವುದು ಹಾಪ್-ಅಪ್ ರಬ್ಬರ್. ನೇರ ಹೋಗುವುದು ನಳಿಕೆ ಮತ್ತು ಗುಂಡಿನ ಗುಣದಿಂದ. ಇವೆರಡೂ ಎರಡು ಬಗೆಗಳಿಗೂ ಒಂದೇ. ಹೊಸಬರು ಮೊದಲು ದುಡ್ಡು ಹಾಕಬೇಕಾದದ್ದು ಇಲ್ಲೇ.

ಹೆಜ್ಜೆ 6: ಖರ್ಚಿನ ಪಟ್ಟಿ ಪೂರ್ತಿ ಬರೆಯಿರಿ

ಎಲೆಕ್ಟ್ರಿಕ್‌ಗೆ ಗನ್, ಎರಡು ಬ್ಯಾಟರಿ, ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್. ಮುಗಿಯಿತು. ಎಚ್‌ಪಿಎಗೆ ಗನ್, ಎಂಜಿನ್, ಟ್ಯಾಂಕು, ಎರಡನೇ ರೆಗ್ಯುಲೇಟರ್, ಪೈಪು, ಸಣ್ಣ ಬ್ಯಾಟರಿ, ಅದಕ್ಕೂ ಚಾರ್ಜರ್, ಟ್ಯಾಂಕಿಗೆ ಚೀಲ, ಪ್ರತಿ ಸಲ ತುಂಬಿಸುವ ಖರ್ಚು. ಜೊತೆಗೆ ಟ್ಯಾಂಕಿನ ಒತ್ತಡ ಪರೀಕ್ಷೆ. ಹಲವು ದೇಶಗಳಲ್ಲಿ ಇದನ್ನು 5 ವರ್ಷಕ್ಕೊಮ್ಮೆ ಮಾಡಿಸಬೇಕು. ಕಾರ್ಬನ್ ಫೈಬರ್ ಟ್ಯಾಂಕಿನ ಆಯಸ್ಸು ಸಾಮಾನ್ಯವಾಗಿ 15 ವರ್ಷ.

ಹೆಜ್ಜೆ 7: ಕೆಟ್ಟಾಗ ಏನು, ಜೋಪಾನ ಹೇಗೆ

ಎಚ್‌ಪಿಎ ಕೆಡುವುದು ಹೆಚ್ಚಾಗಿ ಜೋಡಣೆಗಳಲ್ಲಿರುವ ರಬ್ಬರಿನ ಓ-ರಿಂಗ್ ಸವೆದು ಗಾಳಿ ಸೋರಿದಾಗ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಸೋರಿಕೆ. ಬದಲಿ ರಿಂಗ್ ಜೇಬಿನಲ್ಲಿರಲಿ. ಟ್ಯಾಂಕನ್ನು ನಿಧಾನವಾಗಿ ತುಂಬಿಸಿ. ತುಂಬುವ ಬಾಯಿಗೆ ಎಣ್ಣೆ ಹಚ್ಚಲೇಬೇಡಿ. ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಒಳಗೆ ಗಾಳಿ ಇರುವಾಗ ರೆಗ್ಯುಲೇಟರ್ ಬಿಚ್ಚುವ ಸಾಹಸ ಬೇಡ.

ಲಿಪೊ ಬ್ಯಾಟರಿಯೂ ಸಾಧು ಪ್ರಾಣಿಯಲ್ಲ. ಒಂದೊಂದು ಸೆಲ್ 4.2 ವೋಲ್ಟ್ ದಾಟಬಾರದು, 3ಕ್ಕಿಂತ ಕೆಳಗೆ ಇಳಿಯಬಾರದು. ಉಬ್ಬಿದ್ದನ್ನು ಬಳಸಬೇಡಿ. ಚಾರ್ಜ್‌ಗೆ ಹಾಕಿ ಮಲಗಬೇಡಿ. ಕಣ್ಣಿನ ರಕ್ಷಣೆ ಎರಡಕ್ಕೂ ಒಂದೇ: ಸುತ್ತಲೂ ಮುಚ್ಚುವ, ಪೆಟ್ಟು ತಡೆಯುವ ಪ್ರಮಾಣಪತ್ರ ಇರುವ ಕನ್ನಡಕ. ಮಾಮೂಲಿ ತಂಪು ಕನ್ನಡಕ ನಡೆಯುವುದಿಲ್ಲ.

ಇಷ್ಟಾದರೂ ಮನಸ್ಸು ಡೋಲಾಯಮಾನವಾಗಿದ್ದರೆ ನಾನು ಮೊದಲ ಗನ್ನಾಗಿ ಎಲೆಕ್ಟ್ರಿಕ್ ಎನ್ನುತ್ತೇನೆ. ಮುಂದೆ ಎಚ್‌ಪಿಎ ಬೇಕೆನಿಸಿದರೆ ಅದೇ ಗನ್ನಿಗೆ ಎಂಜಿನ್ ಕೂರಿಸಬಹುದು. ಕೊಳ್ಳುವ ಮೊದಲು ನಿಮ್ಮ ಗೇರ್‌ಬಾಕ್ಸಿನ ಆಕಾರ ಯಾವ ಬಗೆಯದು, ವರ್ಷನ್ 2ನೋ 3ನೋ ನೋಡಿ, ಅದಕ್ಕೆ ಹೊಂದುವ ಎಂಜಿನ್ ಆರಿಸಿ. ತೆಗೆದ ಗೇರು, ಪಿಸ್ಟನ್, ಮೋಟಾರನ್ನು ಮಾರಬೇಡಿ. ಪೈಪಿನ ಸಹವಾಸ ಸಾಕೆನಿಸಿದ ದಿನ ಅವನ್ನೇ ವಾಪಸ್ ಕೂರಿಸಬಹುದು. ಟ್ಯಾಂಕು ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬೆಲೆ ಮಾತಾಡುವ ಮೊದಲು ಅದರ ಮೇಲೆ ಅಚ್ಚಾದ ಪರೀಕ್ಷೆಯ ದಿನಾಂಕ ಓದಿ. ಅವಧಿ ಮುಗಿದದ್ದನ್ನು ತುಂಬಿಸಿಕೊಡಲು ಒಳ್ಳೆಯ ಜಾಗದವರು ಒಪ್ಪುವುದಿಲ್ಲ.