ಟಿ.ಸಿ.ಯಲ್ಲಿ ಬರೀ ‘ಎಂ.’

ಯಜಮಾನರಿಗೆ ದುಬೈಗೆ ವರ್ಗ ಆದಾಗ ಮಗಳು ಕುವೆಂಪುನಗರದಲ್ಲಿ ಎಂಟನೇ ಕ್ಲಾಸು ಮುಗಿಸ್ತಿದ್ದಳು. ಒಳ್ಳೇ ಶಾಲೆ ಹುಡುಕೋದೇ ತಲೆನೋವು ಅಂದ್ಕೊಂಡಿದ್ದೆ. ಸಿಕ್ಕಿಹಾಕಿಕೊಂಡಿದ್ದು ಒಂದು ಇನಿಷಿಯಲ್‌ನಲ್ಲಿ!

ಪಾಸ್‌ಪೋರ್ಟಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇದೆ, ಶಾಲೆಯ ವರ್ಗಾವಣೆ ಪತ್ರ, ಅಂದ್ರೆ ಟಿ.ಸಿ.ಯಲ್ಲಿ ಬರೀ ‘ಎಂ.’. ಅಲ್ಲಿನ ಶಾಲೆಯವರು ಒಪ್ಪಲಿಲ್ಲ. ಜನನ ಪ್ರಮಾಣಪತ್ರ, ನೋಟರಿ ಅಫಿಡವಿಟ್ಟು ಇಟ್ಟು ಹೆಡ್‌ಮಾಸ್ಟರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟೆ. ನಾಲ್ಕು ಸಲ ಅಲೆದ ಮೇಲೆ ತಿದ್ದುಪಡಿಯಾಯ್ತು. ಹೊಸ ಟಿ.ಸಿ.ಗೆ ಬಿಇಒ ಮೇಲುಸಹಿ, ಆಮೇಲೆ ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಯುಎಇ ರಾಯಭಾರ ಕಚೇರಿಯದ್ದು, ಹೀಗೆ ಸಾಲು ಮುದ್ರೆ. ಅಪೊಸ್ಟಿಲ್, ಅಂದ್ರೆ ಹೇಗ್ ಒಪ್ಪಂದದ ದೇಶಗಳು ಒಪ್ಪೋ ಮುದ್ರೆ, ಅದೊಂದೇ ಸಾಕು ಅಂದಿದ್ದ ಏಜೆಂಟ್. ಅವನ ಮಾತು ಕೇಳಿದ್ರೆ ಕೆಟ್ಟಿರ್ತಿದ್ದೆ. ನಾವು ಹೊರಟಾಗ ಯುಎಇ ಆ ಹೇಗ್ ಒಪ್ಪಂದಕ್ಕೆ ಸೇರಿರಲಿಲ್ಲ.

ಪಠ್ಯಕ್ರಮದ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಬ್ರಿಟಿಷ್ ಶಾಲೆಗಳು ಸೆಪ್ಟೆಂಬರಲ್ಲಿ ಶುರು, ಅಲ್ಲಿನ ಸಿಬಿಎಸ್‌ಇ ಏಪ್ರಿಲಲ್ಲಿ. ಸಿಬಿಎಸ್‌ಇ ಹತ್ತನೇ ಪರೀಕ್ಷೆಗೆ ಹೆಸರು ನೋಂದಣಿ ಒಂಬತ್ತರಲ್ಲೇ ಆಗೋದು. ಅದಕ್ಕೇ ಏಪ್ರಿಲ್‌ಗೇ ಸಿಬಿಎಸ್‌ಇ ಒಂಬತ್ತಕ್ಕೆ ಸೇರಿಸಿದೆವು. ಶಾಲೆ ಆರಿಸಿದ್ದು ದುಬೈನ ಖಾಸಗಿ ಶಾಲೆಗಳ ಮೇಲುಸ್ತುವಾರಿ ನೋಡೋ ಸರ್ಕಾರಿ ಸಂಸ್ಥೆ ಕೆಎಚ್‌ಡಿಎಯ ತಪಾಸಣಾ ವರದಿ ಓದಿ, ಜಾಹೀರಾತು ನೋಡಿ ಅಲ್ಲ.

ಮಾವನವರದು ಒಂದೇ ಪ್ರಶ್ನೆ: “ಕನ್ನಡ ಎಲ್ಲಮ್ಮಾ?” ಈಗ ಪ್ರತಿ ಶುಕ್ರವಾರ ವಿಡಿಯೋ ಕಾಲಲ್ಲಿ ಅವರೇ ಮೇಷ್ಟ್ರು.